ಹಳದಿ ಹೊಕ್ಕ ಲೆನ್ಸ್

ಠಾಣಾ ಕುಶನೂರಿನ ಹೊಲವೊಂದರ ಬದುವಿನ ಮೇಲೆ ಕೂತು ಬ್ಯಾಗಿನ ಜಿಪ್ ಎಳೆದೆ. ಕ್ಯಾಮೆರಾ ಇತ್ತು, ಲೆನ್ಸ್ ಇರಲಿಲ್ಲ. ಅದರ ಜಾಗದಲ್ಲಿ ನೀರಿನ ಬಾಟಲಿ ತುರುಕಿದ್ದ ನನ್ನಣ್ಣ ಸ್ವಪ್ನಿಲ. ಭಾರದ ವ್ಯತ್ಯಾಸ ಗೊತ್ತಾಗಬಾರದಲ್ಲ!

ಫೋನ್ ಹಚ್ಚಿದೆ. ಹಿಂದೆ ಡಿಜೆ ಗದ್ದಲ.

"ಕಮಲನಗರದಾಗ ಇದ್ದೇನಿ. ಆರತಿ ಅಂತ ಮದುಮಗಳು, ಆಕೀದು ಹಳದಿ ಶಾಸ್ತ್ರ ಅದ. ಕ್ಲೋಸಪ್ ಬೇಕಂದ್ರು."

"ನಂಗ ಇವತ್ತೊಂದೇ ದಿನ ಅಂತ ನಿನಗ ಗೊತ್ತಿತ್ತಿಲ್ಲೋ ದಾದಾ?"

"ಹಕ್ಕಿ ನಾಳೀನೂ ಬರ್ತಾವ. ಮದುಮಗಳು ಬರ್ತಾಳೇನು?"

ನಾಳೆ ಬರುವ ಹಕ್ಕಿಗೆ ಇಳಿಯಲು ಹುಲ್ಲೇ ಇರುವುದಿಲ್ಲ. ಹೊಲದ ಒಡೆಯ ಜ್ಞಾನೇಶ್ವರನ ಎರಡು ಕುರಿಮರಿಗಳು ಕಾಣೆಯಾಗಿದ್ದವು. ಸಂಜೆ ಹುಲ್ಲಿನಲ್ಲಿ ಮಲಗಲು ಬರುವ ಸೆಳೆವಗಳೇ ಅವನ್ನು ಒಯ್ದವೆಂದು ಅವನ ಸಿಟ್ಟು. ಸೆಳೆವವೆಂದರೆ ಚಳಿಗಾಲಕ್ಕೆ ಬರುವ ತೆಳ್ಳನೆಯ ಗಿಡುಗ. ಮಿಡತೆ, ಇಲಿ ತಿಂದು ಬದುಕುವ ಜೀವ. ಇದನ್ನೆಲ್ಲ ಹೇಳಿ ಬಾಯಿ ಒಣಗಿಸಿಕೊಂಡಿದ್ದೆ.

"ಬಾಯಿಲೆ ಬ್ಯಾಡ್ರಿ ಮೇಡಂ. ಕಾಲಾಗ ಏನ್ ಹಿಡದದ, ಫೋಟೋದಾಗ ತೋರಸ್ರಿ. ಇಲ್ಲಂದ್ರ ಇವತ್ತ ಸಂಜಿಗೆ ಹುಲ್ಲಿಗೆ ಬೆಂಕಿ ಹಚ್ತೇನಿ," ಎಂದಿದ್ದ.

ಬೈಕ್ ತಿರುಗಿಸಿದೆ. ಕಮಲನಗರದವರೆಗೂ ಈ ಲೆನ್ಸ್ ಮಾರಿದ ಬೀದರಿನ ಅಂಗಡಿಯವನ ಜೊತೆ ಮನಸ್ಸಿನಲ್ಲೇ ಜಗಳವಾಡಿದೆ. ಅವತ್ತು ಮೇಜಿನ ಮೇಲೆ ಎರಡು ಲೆನ್ಸ್ ಇಟ್ಟಿದ್ದ. ಒಂದು, ಜೂಮ್ ಮಾಡಿದರೂ ಉದ್ದ ಬದಲಾಗದ್ದು. ಗಾಜು ಒಳಗೊಳಗೇ ಸರಿಯುತ್ತದೆ. ದೂರದ ಹಕ್ಕಿಗೆ ಅದೇ ಸರಿ, ಮದುವೆ ಮಂಟಪದಲ್ಲಿ ಮಾತ್ರ ಮದುಮಗಳ ಮೂಗಷ್ಟೇ ಸಿಗುತ್ತದೆ. ಇನ್ನೊಂದು ಸೊಂಡಿಲಿನಂತೆ ಹೊರಗೆ ಬಂದು ಒಳಗೆ ಹೋಗುವಂಥದ್ದು. ಭಾಲ್ಕಿಯ ಸ್ಟುಡಿಯೋ ನಮ್ಮಿಬ್ಬರದೂ ಹೌದು, ಆದರೆ ಅಂಗಡಿಯವನು ಮಾತಾಡಿದ್ದು ಅಣ್ಣನ ಜೊತೆಗಷ್ಟೇ.

"ಇದು ತಗೋರಿ ಭಾಯ್. ಮದುವಿಗೂ ನಡೀತದ, ಹಕ್ಕಿಗೂ ನಡೀತದ."

"ಉದ್ದ ಆದಾಗೆಲ್ಲ ಇದು ಗಾಳಿ ಎಳ್ಕೋತದ್ರಿ. ನಮ್ಮ ತೊಗರಿ ರಾಶಿ ಧೂಳಾಗ ಬಾಳಂಗಿಲ್ಲ," ಎಂದೆ.

"ಲೆನ್ಸಿಗೂ ದಮ್ಮ ಹತ್ತತದೇನು?" ಎಂದು ಸ್ವಪ್ನಿಲ ನಕ್ಕ. ಅಂಗಡಿಯವನೂ ನಕ್ಕ. ಸೊಂಡಿಲಿನದೇ ಮನೆಗೆ ಬಂತು.

ನಾನು ಹೆದರಿದ್ದು ಧೂಳಿಗೆ. ಅರಿಷಿಣ ನನಗೆ ಹೊಳೆದಿರಲಿಲ್ಲ.

ಕಮಲನಗರದ ಚಪ್ಪರದಲ್ಲಿ ಹುಡುಗರು ಒಣ ಹಳದಿ ಪುಡಿಯನ್ನು ಮುಷ್ಟಿಗಟ್ಟಲೆ ತೂರುತ್ತಿದ್ದರು. ಆ ಮೋಡದ ನಡುವೆ ನಿಂತು ಸ್ವಪ್ನಿಲ ಜೂಮನ್ನು ಹೊರಗೆ ಎಳೆಯುತ್ತಿದ್ದ, ಒಳಗೆ ತಳ್ಳುತ್ತಿದ್ದ, ಮತ್ತೆ ಎಳೆಯುತ್ತಿದ್ದ. ನೇರ ಹೋಗಿ ಅವನ ಕ್ಯಾಮೆರಾದಿಂದ ಲೆನ್ಸ್ ತಿರುಚಿ ಬಿಚ್ಚಿಕೊಂಡೆ.

"ಅಯ್ಯ, ಯಾರವಾ ಈಕಿ?" ಮದುಮಗಳ ತಾಯಿ ಹೀರಾಬಾಯಿ ಕೂಗಿದರು.

"ಇವನ ತಂಗೀರಿ. ಮೊಬೈಲದಾಗ ತಗೀತಾನ, ಬಿಡ್ರಿ."

ಹೊಲಕ್ಕೆ ಮರಳಿ ಬರುವಷ್ಟರಲ್ಲಿ ಬಿಸಿಲು ವಾಲಿತ್ತು. ಒಂದು ಸೆಳೆವ ಹುಲ್ಲಿನ ತುದಿ ಸವರುತ್ತ ಬಂತು, ಕಾಲಿನಲ್ಲಿ ಏನೋ ಹಿಡಿದುಕೊಂಡು. ಬೆರಳು ಎತ್ತದೆ ಒತ್ತಿದೆ. ಪರದೆಯ ಮೇಲೆ ಬರೀ ಹಳದಿ ಮಂಜು. ಮುಂದಿನ ಗಾಜನ್ನು ಒರೆಸಿದೆ, ಊದಿದೆ, ಮತ್ತೆ ತೆಗೆದೆ. ಪುಡಿ ಗಾಜಿನ ಹಿಂದೆ, ಒಳಗಿತ್ತು. ಹಕ್ಕಿಯ ಕಾಲಿನಲ್ಲೊಂದು ಉಂಡೆ ಕಂಡಿತು, ಅಷ್ಟೇ.

ಬದುವಿನ ಮೇಲೆ ಕಾಯುತ್ತಿದ್ದ ಜ್ಞಾನೇಶ್ವರ ಬಗ್ಗಿ ಪರದೆ ನೋಡಿದ. "ಮರಿ ಇದ್ದಂಗೇ ಅದಲ್ರಿ."

"ಮಿಡತಿ ಅದು ಕಾಕಾ!"

"ಇಷ್ಟು ಉಬ್ಬಿದ ಮಿಡತಿ ನಾ ಎಲ್ಲೂ ಕಂಡಿಲ್ಲ." ಕಡ್ಡಿಪೆಟ್ಟಿಗೆ ತೆಗೆದ. "ಸರೀರಿ. ಅವು ಇಳಿಯೂಕ ಮೊದ್ಲ ಹಚ್ತೇನಿ. ಹಕ್ಕಿ ಸುಡೂದು ನಂಗೂ ಬ್ಯಾಡ."

ಹುಲ್ಲಿನೊಳಗೆ ಓಡಿ ನಟ್ಟನಡುವೆ ಕೂತೆ. "ಹಚ್ಚ್ರಿ! ಹಚ್ಚ್ರಿ ನೋಡೋಣ!"

"ಏಳ್ರಿ ಮ್ಯಾಲ. ಹುಚ್ಚು ಹಿಡದದೇನು?"

ಅಂಗಡಿಯವನನ್ನು ಬೈದೆ, ಅಣ್ಣನನ್ನು ಬೈದೆ, ಗಾಜನ್ನು ಬೈದೆ. ಬೈಯುತ್ತ ನೆಲಕ್ಕೆ ಗುದ್ದಿದೆ. ಮುಷ್ಟಿಯ ಕೆಳಗೆ ಏನೋ ಪುಡಿಯಾಯಿತು. ಹೆಬ್ಬೆರಳ ಗಾತ್ರದ ಬೂದು ಉಂಡೆ. ಒಳಗೆ ಮಿಡತೆಯ ಗರಗಸದಂಥ ಕಾಲುಗಳು, ಇಲಿಯ ಒಂದು ಹಲ್ಲು. ಪಕ್ಕದಲ್ಲಿ ಇನ್ನೊಂದು. ಅರಗದ್ದನ್ನು ಈ ಹಕ್ಕಿಗಳು ಉಂಡೆ ಮಾಡಿ ಕಾರುತ್ತವೆಂದು ಎಂದೋ ಓದಿದ್ದೆ. ಆದರೆ ಹಕ್ಕಿಗೆ ತೊಂದರೆಯಾದೀತೆಂದು ಈ ಹುಲ್ಲಿನೊಳಗೆ ಕಾಲಿಟ್ಟವಳೇ ಅಲ್ಲ. ದೂರದಿಂದ, ಗಾಜಿನ ಮೂಲಕ ಮಾತ್ರ ಯೋಚಿಸುತ್ತಿದ್ದೆ. ಸಿಟ್ಟು ಇನ್ನಷ್ಟು ಏರಿತು, ಈ ಸಲ ನನ್ನ ಮೇಲೆಯೇ.

ಉಂಡೆಯನ್ನು ತಂದು ಜ್ಞಾನೇಶ್ವರನ ಅಂಗೈಯಲ್ಲಿ ತುರುಕಿದೆ. "ಇದು ಅವುಗಳ ಹೊಟ್ಟಿಯಿಂದ ಬಂದಿದ್ದು. ನೋಡ್ರಿ!"

ಅವನು ನೋಡಲಿಲ್ಲ. ಎರಡು ಬೆರಳಿನ ನಡುವೆ ಇಟ್ಟು ತಿಕ್ಕಿದ. ಮೂಸಿದ. ಮತ್ತೆ ತಿಕ್ಕಿದ.

"ಕುರಿ ಕೂದ್ಲ ಇಲ್ಲ," ಎಂದ.

ಅಷ್ಟರಲ್ಲಿ ಯಾರದೋ ಸ್ಕೂಟರಿನಲ್ಲಿ ಸ್ವಪ್ನಿಲ ಬಂದಿಳಿದ. ರೆಪ್ಪೆಗೂದಲಿಗೂ ಹಳದಿ. "ನಿನ್ನಿಂದ ನನ್ನ ಇಜ್ಜತ್ ಹೋಯ್ತು ನೋಡು!"

ಜ್ಞಾನೇಶ್ವರ ಅವನತ್ತ ತಿರುಗಲೂ ಇಲ್ಲ. "ಒಂದು ನೋಡಿ ನಂಬಂಗಿಲ್ಲ ನಾ. ಇನ್ನಷ್ಟು ಹುಡುಕ್ರಿ. ಜಲ್ದಿ, ಹಕ್ಕಿ ಮ್ಯಾಲೇ ತಿರಗ್ಲತ್ತಾವ."

ಸ್ವಪ್ನಿಲ ಮೊಬೈಲ್ ಎತ್ತಿದ. "ಇದನ್ನ ವಿಡಿಯೋ..."

"ಒಳಗಿಡು! ಮೊಣಕಾಲೂರಿ ಇಂಥಾ ಉಂಡಿ ಹುಡುಕು," ಎಂದು ಗದರಿದೆ.

"ಹೊಸಾ ಕುರ್ತಾ ಅದ ಲೇ."

"ಹುಡುಕು ಅಂದೆ!"

ಅವನು ಮೊಣಕಾಲೂರಿದ. ಜ್ಞಾನೇಶ್ವರ ಕಡ್ಡಿಪೆಟ್ಟಿಗೆಯನ್ನು ಇನ್ನೂ ಜೇಬಿಗೆ ಹಾಕಿರಲಿಲ್ಲ. ಅದನ್ನು ಎಡಗೈಯಲ್ಲಿ ಹಿಡಿದುಕೊಂಡೇ ಬಲಗೈಯಿಂದ ಹುಲ್ಲು ಸರಿಸತೊಡಗಿದ.