ಟೋಪಿಯೊಳಗೆ ಮುಖವಿಟ್ಟ ಡೆಲ್ಮಾರ್

ಬಿಷಪ್ಪರ ಮುಂದೆ ಕೂತು ಸುಳ್ಳು ಹೇಳುವುದಿಲ್ಲ ಎಂದು ಡೆಲ್ಮಾರ್ ಹಟ ಹಿಡಿದಾಗ ಥೋರಾಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಜೀವಮಾನವೆಲ್ಲ ಸುಳ್ಳು ಹೇಳಿಯೇ ಹೆಸರು ಮಾಡಿದ ಮನುಷ್ಯ ಅವಳ ಗಂಡ. ಚರ್ಚಿನ ಊಟದ ದಿನ ಅವನ ಟರ್ಕಿ ಕೋಳಿಗಳ ಕತೆ ಕೇಳಲು ಪಕ್ಕದ ಊರುಗಳಿಂದಲೂ ಜನ ಬರುತ್ತಿದ್ದರು. ಹುಳಿತ ಪೀಚ್ ಹಣ್ಣು ತಿಂದು ಅಮಲೇರಿದ ಆ ಕೋಳಿಗಳು ಒಂದೊಂದು ಸಲ ಒಂದೊಂದು ಹಾಡು ಹೇಳುತ್ತಿದ್ದವು. ಅಂಥವನಿಗೆ ಈಗ ಒಂದು ‘ಹೌದು’ ಎನ್ನಲು ನಾಲಿಗೆ ಏಳುತ್ತಿಲ್ಲವಂತೆ!

ಮೊಮ್ಮಗಳು ಜನೀಲ್‌ಳ ಮದುವೆ ಮ್ಯಾಂಟೈ ಗುಡ್ಡದ ಮೇಲಿನ ದೇವಾಲಯದಲ್ಲಿ ನಿಶ್ಚಯವಾಗಿತ್ತು. ಆ ಬಾಗಿಲು ದಾಟಬೇಕಾದರೆ ಬಿಷಪ್ಪರ ಸಹಿಯಿರುವ ಚೀಟಿ ಬೇಕು. ಚೀಟಿ ಬೇಕಾದರೆ ಅವರು ಕೇಳುವ ಪ್ರಶ್ನೆಗಳಿಗೆಲ್ಲ ಸರಿಯಾದ ಉತ್ತರ ಕೊಡಬೇಕು. ಚರ್ಚು ಬೇಡವೆನ್ನುವ ಕಾಫಿ ಕುಡಿಯುತ್ತೀರಾ? ಇಲ್ಲ. ಆದಾಯದ ಹತ್ತನೇ ಪಾಲು ಚರ್ಚಿಗೆ ಕೊಟ್ಟಿದ್ದೀರಾ? ಕೊಟ್ಟಿದ್ದೇನೆ. ನಂಬಿಕೆ ಇದೆಯಾ? ಇಲ್ಲಿಗೆ ಬಂದು ಡೆಲ್ಮಾರ್‌ನ ಗಾಡಿ ನಿಂತುಬಿಟ್ಟಿತ್ತು. ತಾಯಿಯಿಲ್ಲದ ಜನೀಲ್‌ಳನ್ನು ಎತ್ತಿ ಆಡಿಸಿ, ಜಡೆ ಹೆಣೆದು ಶಾಲೆಗೆ ಕಳಿಸಿದವನು ಅವನು. ಮದುವೆಯ ದಿನ ಅವನು ಹೊರಗಿನ ಹುಲ್ಲಿನ ಮೇಲೆ ಊರ ಚಿಳ್ಳೆಪಿಳ್ಳೆಗಳ ಜೊತೆ ಕೂತಿರಬೇಕೆ? ನೆನೆಸಿಕೊಂಡರೇ ಥೋರಾಳಿಗೆ ಊಟ ಸೇರುತ್ತಿರಲಿಲ್ಲ.

ತಾಪತ್ರಯ ಶುರುವಾದದ್ದು ಹಿಂದಿನ ಚಳಿಗಾಲದಲ್ಲಿ. ಸಾಲ್ಟ್ ಲೇಕ್ ಪಟ್ಟಣದಲ್ಲಿ ಹಳೆಯ ಕಾಗದಪತ್ರಗಳ ವ್ಯಾಪಾರಿಯೊಬ್ಬ ಅವರ ಪಂಥ ಕಟ್ಟಿದ ಪ್ರವಾದಿಯ ಕಾಲದ ಪತ್ರಗಳೆಂದು ನಕಲಿ ಮಾಡಿ ಮಾರಿ, ದೊಡ್ಡದೊಡ್ಡ ಪಂಡಿತರನ್ನೇ ಬೇಸ್ತು ಬೀಳಿಸಿದ್ದ. ಪತ್ರಿಕೆ ಬಿಡಿಸಿದರೆ ಅದೇ ಸುದ್ದಿ.

“ನಕಲಿ ಯಾವ್ದು ಅಂತ ಇವ್ರಿಗೆ ಗೊತ್ತಾಗ್ಲಿಲ್ಲ. ಹಾಗಾದ್ರೆ ಅಸಲಿ ಯಾವ್ದು ಅಂತ ಹ್ಯಾಗೆ ಗೊತ್ತಾಯ್ತು?” ಎಂದು ಒಂದು ಬೆಳಿಗ್ಗೆ ತಿಂಡಿ ತಿನ್ನುತ್ತ ಡೆಲ್ಮಾರ್ ಕೇಳಿದ.

ಅಲ್ಲಿಂದ ಅವನಿಗೆ ಹುಚ್ಚು ಹಿಡಿಯಿತು. ಲೈಬ್ರರಿಯಿಂದ ಹೊರೆಗಟ್ಟಲೆ ಪುಸ್ತಕ ತಂದ. ಸ್ಪೇನಿನವರು ಬರುವ ಮೊದಲು ಈ ನೆಲದಲ್ಲಿ ಕುದುರೆಯೇ ಇರಲಿಲ್ಲವಲ್ಲ, ಇಲ್ಲಿನ ಪುರಾತನರ ಕತೆ ಹೇಳುವ ನಮ್ಮ ಪವಿತ್ರ ಗ್ರಂಥದಲ್ಲಿ ಕುದುರೆ ಎಲ್ಲಿಂದ ಬಂತು ಎಂದ. ಆ ಗ್ರಂಥವನ್ನು ಕೆತ್ತಿತ್ತೆನ್ನುವ, ದೇವದೂತ ಪ್ರವಾದಿಗೆ ಕೊಟ್ಟ ಚಿನ್ನದ ತಗಡುಗಳು ಎಲ್ಲಿ ಎಂದ. ದೇವದೂತನೇ ವಾಪಸ್ ಒಯ್ದ ಎಂದು ಥೋರಾ ಹೇಳಿದರೆ, “ಸಾಕ್ಷಿ ಬೇಕಾದಾಗ್ಲೇ ಮಾಯ ಆಗುತ್ತಲ್ಲ” ಎಂದು ಹುಬ್ಬು ಹಾರಿಸಿದ.

ಥೋರಾಳಿಗೆ ಕುದುರೆಯೂ ಬೇಡ, ತಗಡೂ ಬೇಡ. ಅವಳ ಮನಸ್ಸು ನೆಟ್ಟಿದ್ದು ಒಂದೇ ಸಂಗತಿಯಲ್ಲಿ. ನೂರೈವತ್ತು ವರ್ಷದ ಹಿಂದೆ ಆ ಪ್ರವಾದಿ ನಾಲ್ಕಕ್ಷರ ಮಾತ್ರ ಕಲಿತಿದ್ದ ರೈತರ ಹುಡುಗ. ಟೋಪಿಯೊಳಗೆ ಒಂದು ಕಲ್ಲು ಹಾಕಿ, ಬೆಳಕು ಬೀಳದಂತೆ ಮುಖ ಹುದುಗಿಸಿ, ಆ ಗ್ರಂಥವನ್ನು ಸಾಲು ಸಾಲಾಗಿ ಹೇಳುತ್ತಾ ಹೋದ. ಹೆಂಡತಿ ಬರೆದುಕೊಂಡಳು, ಆಮೇಲೆ ಬೇರೆಯವರು ಬರೆದುಕೊಂಡರು. ಊಟಕ್ಕೆದ್ದು ಬಂದರೂ ಹಿಂದಿನದನ್ನು ಓದಿಸಿ ಕೇಳದೆ ನಿಂತಲ್ಲಿಂದಲೇ ಮತ್ತೆ ಶುರು ಮಾಡುತ್ತಿದ್ದ ಎಂದು ಆ ಹೆಂಡತಿ ಮುದಿವಯಸ್ಸಿನಲ್ಲಿ ಹೇಳಿದ್ದಳಂತೆ. ಥೋರಾ ಎಂದೂ ಆ ಗಂಡಸಿನ ಜಾಗದಲ್ಲಿ ನಿಂತು ಯೋಚಿಸಿದವಳಲ್ಲ. ಅವಳು ಯೋಚಿಸುತ್ತಿದ್ದುದು ಬರೆದುಕೊಂಡವಳ ಬಗ್ಗೆ. ಎದುರಿಗೆ ಕೂತು ಕಿವಿಯಾರೆ ಕೇಳಿದ ಹೆಂಡತಿಗೆ ಗಂಡ ರೈಲು ಬಿಡುತ್ತಿದ್ದಾನೆಂದು ತಿಳಿಯದೆ ಇದ್ದೀತೆ?

“ಕತೆ ಕಟ್ಟೋದು ಏನ್ ಮಹಾ? ನಾನೂ ಕಟ್ತೀನಿ,” ಎಂದ ಡೆಲ್ಮಾರ್.

“ಕಟ್ಟು ನೋಡೋಣ. ಟೋಪಿಯೊಳಗೆ ಮುಖ ಇಟ್ಕೊಂಡು. ಹಿಂದೆ ಏನ್ ಹೇಳ್ದೆ ಅಂತ ನನ್ನ ಕೇಳಂಗಿಲ್ಲ. ಊಟ ಆದ್ಮೇಲೆ ಬಿಟ್ಟಲ್ಲಿಂದ್ಲೇ ಹಿಡೀಬೇಕು. ಸೋತ್ಯೋ, ಬಾಯ್ಮುಚ್ಕೊಂಡು ಬಿಷಪ್ಪರ ಹತ್ರ ಹೋಗಿ ಹೌದು ಅಂತೀಯ.”

“ಗೆದ್ರೆ?”

“ನೀನು ಗೆಲ್ಲೋದು ಅಷ್ಟರಲ್ಲೇ ಇದೆ. ಗೆದ್ರೆ ಮದುವೆ ಮಾತಲ್ಲಿ ಮತ್ತೆ ನಿನ್ನ ತಂಟೆಗೆ ಬರಲ್ಲ, ಹೋಗು.”

ಶನಿವಾರ ಬೆಳಿಗ್ಗೆ ಅಡುಗೆಮನೆಯ ಮೇಜನ್ನು ಒರೆಸಿ ಥೋರಾ ಕಾಗದ ಹರಡಿಕೊಂಡು ಕೂತಳು. ಚರ್ಚಿನ ಮಹಿಳಾ ಸಂಘದ ವರದಿಗಳನ್ನು ಬರೆದು ಪಳಗಿದ ಕೈ ಅವಳದು. ಡೆಲ್ಮಾರ್ ಅಂಗಳದ ಕಾಲುವೆಯಿಂದ ಒಂದು ಬೆಣಚುಕಲ್ಲು ಹೆಕ್ಕಿ ತಂದು, ತನ್ನ ಅಗಲ ಅಂಚಿನ ಟೋಪಿಗೆ ಹಾಕಿ ಮುಖ ಇಳಿಸಿದ.

“ಅಬ್ಬಾ, ಏನ್ ನಾತ ಮಾರಾಯ್ತಿ!”

“ನಿನ್ ತಲೇದೇ ನಾತ. ಶುರು ಮಾಡು.”

ಅವನು ಕೋಳಿಗಳಿಂದಲೇ ಶುರು ಮಾಡಿದ. ಎರಡು ಸಾಲಿಗೆ ತಡವರಿಸಿದ. ಆ ಕತೆಗೆ ಎದುರಿಗೆ ನಗುವ ಮುಖಗಳು ಬೇಕು, ಟೋಪಿಯ ಕತ್ತಲಲ್ಲಿ ಅದು ನಡೆಯುವುದಿಲ್ಲ. ಕತೆ ಅಲ್ಲೇ ನಿಂತಿತು. ಥೋರಾ ಗೆದ್ದೆನೆಂದು ಒಳಗೊಳಗೇ ಹಿಗ್ಗಿ ಪೆನ್ನು ಕೆಳಗಿಡುವಷ್ಟರಲ್ಲಿ ಟೋಪಿಯೊಳಗಿಂದ ಬೇರೆಯದೇ ಒಂದು ದನಿ, ನಿಧಾನವಾಗಿ, ಬಂತು.

“ಇಬ್ಬರು ಅಕ್ಕತಂಗಿಯರು ತಾಯಿಯ ಒಲೆಯ ಬೆಂಕಿಯನ್ನು ಮಡಕೆಯಲ್ಲಿ ಹೊತ್ತುಕೊಂಡು ಬೆಟ್ಟ ಇಳಿದರು. ಅದು ಆರಬಾರದು ಎಂದು ತಾಯಿ ಆಣೆ ಇಟ್ಟಿದ್ದಳು.”

ಥೋರಾ ಬರೆದಳು. ಅಕ್ಕತಂಗಿಯರು ಜಗಳವಾಡಿ ಬೆಂಕಿಯನ್ನು ಪಾಲು ಮಾಡಿಕೊಂಡರು. ಅವರ ಹಿಂದೆ ಬಂದ ಜನವೂ ಇಬ್ಭಾಗವಾದರು. ತಮ್ಮದೇ ಅಸಲು ಬೆಂಕಿ, ಆಚೆಯವರದು ಕದ್ದದ್ದು ಎಂದು ಎರಡೂ ಕಡೆಯವರು ಸಾರಿದರು. ಎಲ್ಲರಿಗೂ ಹೆಸರಿತ್ತು, ಮಕ್ಕಳಿಗೂ ಹೆಸರಿತ್ತು. ಡೆಲ್ಮಾರ್ ಒಂದನ್ನೂ ಅದಲುಬದಲು ಮಾಡಲಿಲ್ಲ. ತಂಗಿ ನದಿ ದಾಟುವಾಗ ಕಾಲು ಜಾರಿ ಅವಳ ಮಡಕೆ ನೀರಿಗೆ ಬಿತ್ತು. ಅಷ್ಟಕ್ಕೆ ಅವನು ಮುಖ ಎತ್ತಿ, “ಹಸಿವು ಕಣೇ,” ಎಂದ.

ಹಾಲು, ಬ್ರೆಡ್ಡು, ಬಾಟಲಿಯ ಪೀಚ್ ಹಣ್ಣು. ಊಟದುದ್ದಕ್ಕೂ ಥೋರಾಳ ನಾಲಿಗೆಯ ತುದಿಯಲ್ಲಿ ಒಂದೇ ಪ್ರಶ್ನೆ: ಬೆಂಕಿ ಆರಿತೇ? ಕೇಳಿದರೆ ತಾನೇ ಹಾಕಿದ ಷರತ್ತು ಮುರಿದಂತೆ. ಹಣ್ಣಿನ ಹೋಳನ್ನು ತಟ್ಟೆಯಲ್ಲಿ ಅಟ್ಟಾಡಿಸುತ್ತ ಕೂತಳು.

ಅವನು ಮತ್ತೆ ಟೋಪಿಗೆ ಮುಖವಿಟ್ಟ. “ಮಡಕೆ ಮುಳುಗಿತು. ತಂಗಿ ಬರಿಗೈಯಲ್ಲಿ ದಡ ಹತ್ತಿ, ಬೆಂಕಿ ಇದೆ ಎಂದಳು. ಖಾಲಿ ಕೈಗಳನ್ನೇ ಬೊಗಸೆ ಮಾಡಿ ಮುಚ್ಚಿ ಹಿಡಿದಳು. ಜನ ಅವಳ ಹಿಂದೆ ಕುದುರೆಗಳನ್ನು ಹೊಡೆದುಕೊಂಡು ನಡೆದರು.”

“ನಿಲ್ಲು ನಿಲ್ಲು,” ಎಂದು ಥೋರಾ ಕಿರುಚಿದಳು. “ಕುದುರೆ ಎಲ್ಲಿಂದ ಬಂತು? ಬೆಳಿಗ್ಗೆಯಿಂದ ಎಲ್ರೂ ಕಾಲ್ನಡಿಗೇಲಿ ಬರ್ತಿದ್ರಲ್ಲ! ಗ್ರಂಥದಲ್ಲಿ ಬಂದ್ರೆ ತಪ್ಪು, ನಿನ್ ಕತೇಲಿ ಬಂದ್ರೆ?”

ಡೆಲ್ಮಾರ್ ಟೋಪಿ ತೆಗೆದ. ಮುಖ ಕೆಂಪಗಾಗಿತ್ತು, ಹಣೆಯ ಮೇಲೆ ಟೋಪಿಯ ಗೆರೆ ಮೂಡಿತ್ತು.

“ನಾನ್ ತರಲಿಲ್ಲ ಕಣೇ,” ಎಂದ. “ತಾವಾಗೇ ಬಂದ್ವು.”

“ಎಲ್ಲಾ ಮೊದ್ಲೇ ಯೋಚ್ನೆ ಮಾಡಿಟ್ಕೊಂಡಿದ್ದೆ ತಾನೆ?”

“ಮಾಡ್ಕೊಂಡಿದ್ದೆ, ಕೋಳೀದು. ಇದು ಎಲ್ಲಿಂದ ಬಂತೋ ನಂಗೊತ್ತಿಲ್ಲ.”

“ಬೆಂಕಿ ಇತ್ತಾ, ಇರ್ಲಿಲ್ವಾ? ಆಮೇಲೇನಾಯ್ತು?”

“ಗೊತ್ತಿಲ್ಲ ಅಂದೆನಲ್ಲ ಥೋರಾ.”

ಇಲ್ಲಿಂದ ಜಗಳ ಉಲ್ಟಾ ಹೊಡೆಯಿತು. ಬಾಯಿಂದ ಇಷ್ಟು ಸಲೀಸಾಗಿ ಬರುವುದನ್ನು ತಾನು ಈ ಕಿವಿಯಾರೆ ಕೇಳಿದೆ, ದೇವದೂತನೂ ಇಲ್ಲ ತಗಡೂ ಇಲ್ಲ, ಹಾಗಾದರೆ ಆ ಹುಡುಗನ ಬಾಯಿಂದಲೂ ಹೀಗೇ ಬಂದಿರಬಹುದಲ್ಲ ಎಂದು ಥೋರಾ. ಬರುವುದು ಸರಿ, ಆದರೆ ಎಲ್ಲಿಂದ, ತನ್ನ ತಲೆಯಲ್ಲಿ ಇಲ್ಲದ್ದು ತನ್ನ ಬಾಯಿಗೆ ಹೇಗೆ ಬಂತು ಎಂದು ಡೆಲ್ಮಾರ್. ಸಂಜೆ ಹಸುಗಳಿಗೆ ಮೇವು ಹಾಕುವಾಗಲೂ ಇಬ್ಬರೂ ಬೇಲಿಯ ಆಚೆ ಈಚೆ ನಿಂತು ಒಬ್ಬರ ವಾದವನ್ನು ಇನ್ನೊಬ್ಬರು ಮಾಡುತ್ತಿದ್ದರು. ಮದುವೆಯಾದಾಗಿನಿಂದ ಅವರು ಇಷ್ಟು ಹೊತ್ತು ಒಂದೇ ವಿಷಯ ಮಾತಾಡಿದ್ದಿಲ್ಲ. ಥೋರಾಳಿಗೆ ಹೆದರಿಕೆಯಾಗಿತ್ತು. ಖುಷಿಯೂ ಆಗಿತ್ತು, ಅದನ್ನು ಮಾತ್ರ ಯಾರಿಗೂ ಹೇಳುವಂತಿರಲಿಲ್ಲ.

ಗೆದ್ದವನು ತಾನಾದರೂ ಡೆಲ್ಮಾರ್ ಭಾನುವಾರ ಬಿಷಪ್ಪರ ಹತ್ತಿರ ಹೋದ. ಬಿಷಪ್ ಮಿಕಲ್ಸನ್ ವಾರವೆಲ್ಲ ಟೈರ್ ಅಂಗಡಿ ನಡೆಸಿ ಭಾನುವಾರ ಟೈ ಕಟ್ಟುವ ಮನುಷ್ಯ, ಹುಡುಗನಾಗಿದ್ದಾಗ ಡೆಲ್ಮಾರ್‌ನಿಂದಲೇ ಮೀನು ಹಿಡಿಯಲು ಕಲಿತವನು. ಥೋರಾ ಹೊರಗೆ ಪಿಕಪ್‌ನಲ್ಲಿ ಕಾದಳು. ವಾಪಸ್ ಬಂದ ಗಂಡನ ಕೈ ಖಾಲಿಯಿತ್ತು.

“ಪಾಪ, ಅವ್ನೇ ಗೋಗರೆದ. ‘ಬ್ರದರ್, ನಂಬ್ಬೇಕು ಅನ್ನೋ ಆಸೆ ಇದೆ ಅಂತಾದ್ರೂ ಹೇಳಿ, ಸಹಿ ಹಾಕಿಬಿಡ್ತೀನಿ’ ಅಂದ.”

“ಅಷ್ಟು ಹೇಳೋಕೆ ನಿಂಗೇನ್ ಬಂದಿತ್ತು ದೊಡ್ಡ ರೋಗ?”

“ನಂಗಿರೋದು ನಂಬೋ ಆಸೆ ಅಲ್ಲ ಕಣೇ, ತಿಳ್ಕೊಳ್ಳೋ ಆಸೆ. ಚೀಟಿಗೋಸ್ಕರ ಅದನ್ನ ಇದು ಅಂತ ಹೇಳ್ಲಾ?”

ಥೋರಾ ಮುಖ ಆಚೆ ತಿರುಗಿಸಿಕೊಂಡಳು. ಅವಳ ಚೀಟಿ ಮಾತ್ರ ಎಂದಿನ ಹಾಗೆ ಆಗಲೇ ಕೈಚೀಲದಲ್ಲಿತ್ತು.

ಮದುವೆಯ ದಿನ ಮ್ಯಾಂಟೈ ಗುಡ್ಡದ ಮೇಲೆ ಬಿಸಿಲು ಚೆನ್ನಾಗಿತ್ತು. ಜನೀಲ್ ಬಾಗಿಲ ತನಕ ತಾತನ ಕೈ ಹಿಡಿದುಕೊಂಡೇ ಬಂದಳು. ಅಲ್ಲಿ ಕೈ ಬಿಟ್ಟು ಒಳಗೆ ಓಡಿದಳು. “ನೀನೂ ಹೋಗು, ನನ್ ಪಾಲಿಂದೂ ನೋಡ್ಕೊಂಡು ಬಾ,” ಎಂದ ಡೆಲ್ಮಾರ್, ಥೋರಾಳ ಬೆನ್ನು ತಟ್ಟಿ.

ಒಳಗಿನ ಕೋಣೆ ಚಿಕ್ಕದು. ಹುಡುಗನ ಕಡೆಯವರು ಐಡಹೋದಿಂದ ದಂಡುಗಟ್ಟಿ ಬಂದಿದ್ದರು. ಗೋಡೆಯುದ್ದಕ್ಕೂ ಇದ್ದ ಕುರ್ಚಿಗಳೆಲ್ಲ ಭರ್ತಿಯಾಗಿ, ಒಬ್ಬ ದಪ್ಪ ಚಿಕ್ಕಪ್ಪ ಒಂದೂವರೆ ಕುರ್ಚಿ ಹಿಡಿದು ಕೂತಿದ್ದ. ಜನೀಲ್ ಮಂಡಿಯೂರಿದಳು, ಹುಡುಗ ಎದುರಿಗೆ ಮಂಡಿಯೂರಿದ. ಎಲ್ಲ ಬೇಗ ಮುಗಿದುಹೋಯಿತು.

ಥೋರಾ ಹೊರಗೆ ಬಂದಾಗ ಡೆಲ್ಮಾರ್ ಮರದ ನೆರಳಲ್ಲಿ ಮಕ್ಕಳ ನಡುವೆ ಕೂತಿದ್ದ. ಕೋಳಿಗಳ ಕತೆಯನ್ನೂ ಹೇಳುತ್ತಿರಲಿಲ್ಲ, ಸುಮ್ಮನೆ ಬಾಗಿಲನ್ನೇ ನೋಡುತ್ತಿದ್ದ. ಇವಳನ್ನು ಕಂಡವನೇ ಎದ್ದು ಬಂದ.

“ಹ್ಯಾಗಾಯ್ತು? ಹೇಳೇ. ಹೊರಗೆ ಹೇಳ್ಬಾರದ್ದು ಬೇಡ, ಹೇಳ್ಬಹುದಾದ್ದು ಹೇಳು.”

ಅವಳು ಹೇಳಿದಳು. ಜನೀಲ್‌ಳ ಮುಸುಕು ಒಂದು ಪಕ್ಕಕ್ಕೆ ಜಾರಿತ್ತು, ಹುಡುಗ ಎರಡು ಸಲ ಸೀನಿದ ಎಂದಳು. ಡೆಲ್ಮಾರ್ ಕಣ್ಣು ಮುಚ್ಚಿಕೊಂಡು ತಲೆಯಾಡಿಸುತ್ತ ಕೇಳುತ್ತಿದ್ದ. ಇನ್ನು ಹೇಳುವುದಕ್ಕೆ ಏನೂ ಉಳಿದಿರಲಿಲ್ಲ. ಅವನು ಇನ್ನೂ ಕಣ್ಣು ತೆರೆದಿರಲಿಲ್ಲ.

“ನಿಂಗೆ ಅಂತ ಒಂದು ಕುರ್ಚಿ ಖಾಲಿ ಇಡಿಸಿದ್ಲು,” ಎಂದಳು ಥೋರಾ. “ಯಾರನ್ನೂ ಕೂರೋಕೆ ಬಿಡ್ಲಿಲ್ಲ. ಹೌದು ಅನ್ನೋ ಮುಂಚೆ ಒಂದ್ಸಲ ಆ ಕಡೆ ತಿರುಗಿ ನೋಡಿದ್ಲು.”

ಹೇಳಿ ಮುಗಿದ ಮೇಲೆಯೇ ತಾನು ಏನು ಹೇಳಿದೆನೆಂದು ಅವಳಿಗೆ ತಿಳಿದದ್ದು. ಹುಟ್ಟಿದಾಗಿನಿಂದ ಅವಳು ಒಂದು ಸುಳ್ಳೂ ಆಡಿದವಳಲ್ಲ. ಇದನ್ನು ಆಡಬೇಕೆಂದೂ ಅಂದುಕೊಂಡಿರಲಿಲ್ಲ. ವಾಪಸ್ ತೆಗೆದುಕೊಳ್ಳೋಣವೆಂದು ಬಾಯಿ ತೆರೆದಳು. ಅಷ್ಟರಲ್ಲಿ ಡೆಲ್ಮಾರ್‌ನ ಕಣ್ಣಿಂದ ನೀರು ಇಳಿದು ಗಲ್ಲದ ಸುಕ್ಕುಗಳಲ್ಲಿ ಹರಿಯುತ್ತಿತ್ತು. ಕುದುರೆಗೆ ಸಾಕ್ಷಿ ಕೇಳಿದ ಮನುಷ್ಯ, ಚಿನ್ನದ ತಗಡಿಗೆ ಸಾಕ್ಷಿ ಕೇಳಿದ ಮನುಷ್ಯ, ಕುರ್ಚಿಗೆ ಸಾಕ್ಷಿ ಕೇಳಲಿಲ್ಲ.

ಆಗಲೇ ಜನೀಲ್ ಬಿಳಿ ಉಡುಪಿನ ಅಂಚು ಎತ್ತಿ ಹಿಡಿದು ಹುಲ್ಲಿನ ಮೇಲೆ ಓಡಿ ಬಂದಳು. ಡೆಲ್ಮಾರ್ ಅವಳನ್ನು ತಬ್ಬಿಕೊಂಡು, “ಕುರ್ಚಿ ಖಾಲಿ ಇಡಿಸಿದ್ಯಂತಲ್ಲೇ ಪುಟ್ಟಿ, ಅಜ್ಜಿ ಹೇಳಿದ್ಲು,” ಎಂದ.

ಜನೀಲ್ ತಾತನ ಭುಜದ ಮೇಲಿಂದ ಅಜ್ಜಿಯನ್ನು ನೋಡಿದಳು. ಬಹಳ ಹೊತ್ತೇನೂ ಅಲ್ಲ.

“ಮತ್ತೆ? ನಿಂಗಿಡದೆ ಇನ್ಯಾರಿಗೆ ಇಡ್ಲಿ ತಾತಾ?” ಎಂದಳು. “ನನ್ನ ಎಡಗಡೆನೇ ಇತ್ತು.”

ಎಡಗಡೆ ಎಂದು ಥೋರಾ ಹೇಳಿರಲಿಲ್ಲ. ಆದರೆ ಈಗ ನೆನೆಸಿಕೊಂಡಾಗ ಆ ಖಾಲಿ ಕುರ್ಚಿ ಅವಳಿಗೂ ಎಡಗಡೆಯೇ ಕಂಡಿತು.