ಹೊರಗಿನ ಚಿಲಕ

"ಏ, ನಿಲ್ಲೇ ಅಲ್ಲೇ! ಚಪ್ಪಲಿ ಆಚೆ ಬಿಡು. ಕುರ್ಚಿ ಗಿರ್ಚಿ ಮೇಲೆ ಕೂತೀಯ, ಹುಷಾರ್. ನಿನ್ನ ಬೆವರು ನಾತ ಹತ್ತಿದ್ರೆ ತೊಳ್ಯೋರು ಯಾರು?"

ಊರಿನ ಹೋಟೆಲು, ಆಸ್ಪತ್ರೆಗಳ ಬೆಡ್‌ಶೀಟೆಲ್ಲ ತೊಳೆಯುವ ಲಾಂಡ್ರಿಯ ಮೇಸ್ತ್ರಿಯೇ ಹೀಗೆ ಗದರಿ ಕೇಳಿದ್ದು. ದೊಡ್ಡಕ್ಕ ಚಪ್ಪಲಿ ಬಿಟ್ಟಳು. ಅವಳನ್ನು ಇಸ್ತ್ರಿ ಕೋಣೆಯಿಂದ ಕರೆತರುವಾಗ ಮೇಸ್ತ್ರಿ ಉಳಿದ ಕೆಲಸದವರನ್ನು ಒಳಗೇ ಬಿಟ್ಟು, ಹೊರಗಿನಿಂದ ಚಿಲಕ ಜಡಿದೇ ಬಂದಿದ್ದ. ಈಗ ಆಫೀಸಿನ ಬಾಗಿಲು ತಳ್ಳಿದವನೇ ಹಲ್ಲು ಕಿಸಿದು, "ಮೃತರ ಅಕ್ಕನವರು ಬಂದಿದಾರೆ ಸಾರ್" ಎಂದ. ದೊಡ್ಡಕ್ಕ ಹಿಂದೆ ತಿರುಗಿ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

ಅವಳ ತಮ್ಮ ಬದುಕಿದ್ದಷ್ಟು ದಿನ ಇಲ್ಲಿ "ಲೇ" ಆಗಿದ್ದ. ಹೋದ ವಾರ ಇಸ್ತ್ರಿ ಮೇಜಿನ ಮೇಲೆ ಕುಸಿದು ಬಿದ್ದು ಸತ್ತ ಮೇಲೆ ಬಡ್ತಿ ಸಿಕ್ಕಿ "ಮೃತರು" ಆಗಿದ್ದ.

ಹಳೇ ಬಟ್ಟೆ ಗೋದಾಮನ್ನೇ ಆಫೀಸು ಮಾಡಿದ್ದರು. ಕಿಟಕಿ ಇರಲಿಲ್ಲ, ಅದರ ಬದಲು ತಂಪಿನ ಮಿಷನ್ನು ಗುರುಗುಡುತ್ತಿತ್ತು. ಮೇಜಿನ ಸುತ್ತ ಯಜಮಾನರು, ಡಾಕ್ಟರು, ಕಾರ್ಖಾನೆಗಳ ಸುರಕ್ಷತೆ ನೋಡುವ ಅಧಿಕಾರಿ. ಮೊದಲು ಎಲ್ಲರೂ ಎದ್ದು ಮೌನ ಆಚರಿಸಿದರು. ನಡುವೆ ಡಾಕ್ಟರ ಫೋನು ಕುಣಿದಾಡುವಂಥ ಹಾಡು ಹಾಡಿತು. ಕೂತ ಮೇಲೆ ಚರ್ಚೆ ಶುರುವಾಯಿತು. ಎಂಥ ಚರ್ಚೆ! ಒಂದು ಕೆಟ್ಟ ಮಾತಿಲ್ಲ, ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಬರಲಿಲ್ಲ.

"ಅವರ ಬಗ್ಗೆ ನನಗೆ ಅಪಾರ ಗೌರವ ಇದೆ," ಎಂದರು ಡಾಕ್ಟರು. ಅವರು ತಮ್ಮನನ್ನು ನೋಡಿದ್ದು ಒಮ್ಮೆ ಮಾತ್ರ, ಹೊದಿಸಿದ್ದ ಶೀಟಿನ ಅಂಚನ್ನು ಎರಡು ಬೆರಳಲ್ಲಿ ಎತ್ತಿ. "ಹೃದಯ ಮೊದಲೇ ಸ್ವಲ್ಪ ದುರ್ಬಲ ಇದ್ದಿರಬಹುದು."

"ನೀರು ಕಡಿಮೆ ಕುಡೀತಿದ್ರಾಮ್ಮ?" ಅಧಿಕಾರಿ ಮೆಲ್ಲಗೆ ಕೇಳಿದರು.

"ಕುಡಿಯೋಕೆ ಆಚೆ ಬಿಡ್ಬೇಕಲ್ಲ ಸಾರ್."

"ಹಾಂ. ನೀರು ಕುಡಿಯೋ ಅಭ್ಯಾಸ ಕಮ್ಮಿ," ಎಂದು ಅಧಿಕಾರಿ ಡಾಕ್ಟರ ಕಡೆ ತಲೆಯಾಡಿಸಿದರು. "ಮನೇಲಿ ಗಂಡ ಹೆಂಡ್ತಿ ಜಗಳ ಏನಾದ್ರೂ?"

"ಸಂಸಾರ ಅಂದ್ಮೇಲೆ ಇರಲ್ವಾ ಸಾರ್?"

"ಮಾನಸಿಕ ಒತ್ತಡ," ಎಂದರು ಡಾಕ್ಟರು, ಕಳೆದುಹೋದ ವಸ್ತು ಸಿಕ್ಕಷ್ಟು ಸಮಾಧಾನದಿಂದ.

ದೊಡ್ಡಕ್ಕನ ಮೈ ಉರಿದುಹೋಯಿತು. "ಬಾಗ್ಲಿಗೆ ಆಚೆಯಿಂದ ಚಿಲಕ ಹಾಕಿತ್ತು ಸಾರ್. ಬೆಂಕಿ ಅಂಥ ಸೆಕೆ. ನನ್ ತಮ್ಮ ಕಣ್ಣು ಮೇಲೆ ಮಾಡ್ದ. ನಾವು ಬಡಿದೂ ಬಡಿದೂ ಕೈ ಬಾತ್ಕೊಂಡ್ವು. ಈ ಮೇಸ್ತ್ರಿ ಆಚೆ ನಿಂತು, 'ನಾಟಕ ಆಡ್ಬೇಡ್ರೋ ಬೋಳಿಮಕ್ಳ, ಶಿಫ್ಟು ಮುಗೀಲಿ, ತೆಗೀತೀನಿ' ಅಂದ."

ಮೇಸ್ತ್ರಿ ಗೋಡೆಗೆ ಒರಗಿ ಸೂರು ನೋಡತೊಡಗಿದ. ಅಧಿಕಾರಿ ಕನ್ನಡಕ ಒರೆಸಿಕೊಂಡರು.

"ನಿಮ್ಮ ದುಃಖ ಅರ್ಥ ಆಗುತ್ತಮ್ಮ. ಆದ್ರೆ ಇಲ್ಲಿ ನಾವು ಸಾವಿನ ಕಾರಣ ಮಾತ್ರ ಚರ್ಚೆ ಮಾಡ್ತಿರೋದು. ಬಾಗಿಲು ಆಡಳಿತದ ವಿಷಯ."

"ಶಿಸ್ತಿನ ವಿಷಯ," ಎಂದು ಯಜಮಾನರು ತಿದ್ದಿದರು. ಆಮೇಲೆ ದನಿ ಒದ್ದೆ ಮಾಡಿಕೊಂಡು, "ಅವರ ಕುಟುಂಬವನ್ನ ನಾನು ಕೈ ಬಿಡಲ್ಲ. ಅವರ ಹೆಂಡತಿಗೆ ಕೆಲಸ ಕೊಡ್ತೀನಿ. ಅವರದೇ ಮೇಜು. ನಾಳೆಯಿಂದ್ಲೇ ಬರಲಿ."

"ದೊಡ್ಡ ಮನಸ್ಸು," ಎಂದರು ಡಾಕ್ಟರು.

ತಮ್ಮನ ಹೆಂಡತಿ ಇನ್ನೂ ಹಸಿ ಬಾಣಂತಿ. ಅವಳ ಮನೆಯಲ್ಲಿ ಬೇರೆ ದುಡಿಯುವ ಕೈ ಇಲ್ಲ. ಕರೆದರೆ ಬಂದೇ ಬರುತ್ತಾಳೆ. ಅದೇ ಕೋಣೆ, ಅದೇ ಉಗಿ, ಅದೇ ಬಾಗಿಲು. ದೊಡ್ಡಕ್ಕ ಮೇಜಿನ ಹತ್ತಿರಕ್ಕೆ ಬಂದಳು.

"ಯಜಮಾನ್ರೆ, ಅವಳು ಬರೋದ್ರೊಳಗೆ ಆ ಚಿಲಕ ಕೀಳಿಸ್ತೀರಾ? ನಾನು ಬೇರೇನೂ ಕೇಳಲ್ಲ."

"ಮುಂದಿನ ಸಭೇಲಿ ನೋಡೋಣಮ್ಮ."

"ಮುಂದಿನ ಸಭೆ ಅಂದ್ರೆ? ಮುಂದಿನ ಹೆಣ ಬಿದ್ಮೇಲಾ?"

"ಏ ಲೌಡಿ, ನಾಲಿಗೆ..." ಎಂದು ಮುಂದೆ ಬಂದ ಮೇಸ್ತ್ರಿಗೆ ಸಭೆಯ ನೆನಪಾಯಿತು. "ನಾಲಿಗೆ ಸ್ವಲ್ಪ ಬಿಗಿ ಹಿಡೀರಿ" ಎಂದು ಮುಗಿಸಿದ.

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. ಹೃದಯಾಘಾತ ಎಂದು ಎಲ್ಲರ ಒಪ್ಪಿಗೆಯೂ ಆಯಿತು. ಯಜಮಾನರು ದೊಡ್ಡಕ್ಕನಿಗೆ ಕೈ ಮುಗಿದರು. "ನೀವಿನ್ನು ಹೋಗಬಹುದು. ಹೋಗ್ತಾ ಬಾಗಿಲು ಹಾಕ್ಕೊಂಡು ಹೋಗಮ್ಮ, ತಂಪೆಲ್ಲ ಆಚೆ ಹೋಗುತ್ತೆ."

ದೊಡ್ಡಕ್ಕ ಹೊರಗೆ ಬಂದು ಬಾಗಿಲು ಹಾಕಿದಳು. ಗೋದಾಮಿನ ಕಾಲದ ಚಿಲಕ ಹೊರಗಡೆ ಹಾಗೇ ಇತ್ತು, ತುಕ್ಕು ಹಿಡಿದು. ಅಂಗೈಯಲ್ಲಿ ಗುದ್ದಿ ಗುದ್ದಿ ಅದನ್ನು ಪೂರ್ತಿ ಒಳಗೆ ಕೂರಿಸಿದಳು. ಆಮೇಲೆ ಬರಿಗಾಲಲ್ಲೇ ಓಡಿಹೋಗಿ ಇಸ್ತ್ರಿ ಕೋಣೆಯ ಚಿಲಕ ಎಳೆದಳು. ಬಿಸಿ ಉಗಿಯ ಜೊತೆ ಜನ ಹೊರಗೆ ಬಂದರು. ಮೊದಲು ನಲ್ಲಿಗೆ ಬಾಯಿಟ್ಟು ಹೊಟ್ಟೆ ತುಂಬ ನೀರು ಕುಡಿದರು. ಆಮೇಲೆ ಅವಳ ಹಿಂದೆ ಬಂದು ಆಫೀಸಿನ ಬಾಗಿಲ ಮುಂದೆ ಕೂತರು. ದೊಡ್ಡಕ್ಕ ಬಾಗಿಲಿಗೇ ಬೆನ್ನು ಕೊಟ್ಟಳು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಟಕ್ ಟಕ್ ಎಂದಿತು. ಅದೂ ಗೌರವದಿಂದಲೇ.

"ಅಮ್ಮಾ, ಬಾಗಿಲು ಸಿಕ್ಕಿಹಾಕ್ಕೊಂಡಿದೆ ಅನ್ಸುತ್ತೆ, ಸ್ವಲ್ಪ ನೋಡಿ."

ಆಮೇಲೆ ಮುಷ್ಟಿಯ ಪೆಟ್ಟು ಬಿತ್ತು. "ತೆಗಿಯೇ ಹಾದರಗಿತ್ತಿ! ನಿನ್ನ ಚರ್ಮ ಸುಲೀತೀನಿ!" ಎಂದು ಯಜಮಾನರು ಕಿರುಚಿದರು. ಹೌದು, ಯಜಮಾನರೇ. ಅವರ ಹಿಂದಿನಿಂದ ಡಾಕ್ಟರು, "ನನಗೆ ಉಸಿರು ಕಟ್ತಿದೆ ಕಣ್ರೀ" ಎನ್ನುತ್ತಿದ್ದರು. ತಂಪಿನ ಮಿಷನ್ನು ಮಾತ್ರ ಚೆನ್ನಾಗಿಯೇ ಓಡುತ್ತಿತ್ತು.

ಪ್ರತಿ ಪೆಟ್ಟಿಗೂ ದೊಡ್ಡಕ್ಕನ ಬೆನ್ನು ಅದುರುತ್ತಿತ್ತು. ಅವಳು ಬಾತ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ದನಿ ಏರಿಸದೆ ಹೇಳಿದಳು:

"ನಾಟಕ ಆಡ್ಬೇಡಿ ಸಾರ್. ಶಿಫ್ಟು ಮುಗೀಲಿ, ತೆಗೀತೀನಿ."