ಸಪ್ಪಳವಿಲ್ಲದ ಗಾಡಿ

ನಾನು ಒಂದು ಕಾರು. ಬರೀ ಕಾರು ಎಂದರೆ ನನ್ನನ್ನು ಮಾಡಿದವರಿಗೆ ಸಿಟ್ಟು ಬಂದೀತು. ಬೆಟ್ಟ ಹತ್ತುವ, ಹೊಳೆ ದಾಟುವ ಐಷಾರಾಮಿ ಎಸ್‌ಯುವಿ ಎಂದು ಅವರು ನನ್ನನ್ನು ಕರೆದರು. ಈ ಜನ್ಮದಲ್ಲಿ ನಾನು ಒಂದು ಬೆಟ್ಟವನ್ನೂ ಹತ್ತಲಿಲ್ಲ, ಆ ಮಾತು ಬೇರೆ.

ನಾನು ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ಕಿಟಕಿಗಳಿಗೆ ಎರಡು ಪದರಿನ ಗಾಜು, ಬಾಗಿಲಿನ ಸುತ್ತ ದಪ್ಪ ರಬ್ಬರು. ಒಬ್ಬ ಎಂಜಿನಿಯರ್ ನನ್ನೊಳಗೆ ಕುಳಿತು ಬಾಗಿಲು ಹಾಕಿಕೊಂಡ. ಹೊರಗೆ ನಿಂತವನು ಸುತ್ತಿಗೆಯಿಂದ ತಗಡು ಬಡಿದ. ಒಳಗೆ ಏನೂ ಕೇಳಿಸಲಿಲ್ಲ. ಎಂಜಿನಿಯರ್ ನಕ್ಕು, ನನ್ನ ಬೆನ್ನು ತಟ್ಟಿದ. ಸಪ್ಪಳವನ್ನು ಒಳಗೆ ಬಿಡದಿರುವುದೇ ನನ್ನ ದೊಡ್ಡ ಗುಣ ಎಂದು ಅಂದಿನಿಂದ ನಂಬಿದೆ. ಇನ್ನೊಂದು ಹೆಮ್ಮೆಯೂ ಇತ್ತು. ಎಲ್ಲರಿಗೂ ಕಬ್ಬಿಣದ ಸ್ಪ್ರಿಂಗ್ ಇದ್ದರೆ ನನಗೆ ಗಾಳಿ ತುಂಬಿದ ರಬ್ಬರ್ ಚೀಲಗಳು. ಡಿಕ್ಕಿಯ ತಳದಲ್ಲಿ ಅಡಗಿದ ಒಂದು ಸಣ್ಣ ಪಂಪು ಅವುಗಳಿಗೆ ಗಾಳಿ ಊದುತ್ತದೆ. ಅದು ಊದಿದರೆ ನಾನು ಎದೆಯೆತ್ತಿ ನಿಲ್ಲುತ್ತೇನೆ, ಊದದಿದ್ದರೆ ನೆಲ ಹಿಡಿಯುತ್ತೇನೆ. ನನ್ನ ಮಾನವೆಲ್ಲ ಅಂಗೈಯಗಲದ ಆ ಪಂಪಿನಲ್ಲಿತ್ತು.

ನನ್ನ ಮೊದಲ ಯಜಮಾನರು ಬೆಂಗಳೂರಿನ ಒಬ್ಬ ಹಲ್ಲಿನ ಡಾಕ್ಟರು. ಬಹಳ ಪ್ರೀತಿಯಿಂದ ನೋಡಿಕೊಂಡರು ಎಂದುಕೊಂಡಿದ್ದೆ. ಒಂದು ದಿನ ನನ್ನ ಸೀಟಿನಲ್ಲೇ ಕುಳಿತು ಫೋನಿನಲ್ಲಿ ಗೆಳೆಯನಿಗೆ ಹೇಳಿದರು: "ಕಂಪನಿ ವಾರಂಟಿ ಮುಗಿಯೋಕ್ ಮುಂಚೆ ಇದನ್ನ ಕೊಟ್ಬಿಡ್ಬೇಕು ಮಾರಾಯಾ. ಆಮೇಲೆ ಸಾಕೋದು ಆನೆ ಸಾಕಿದ ಹಾಗೆ." ಅವರು ಪ್ರೀತಿಸಿದ್ದು ವಾರಂಟಿಯನ್ನು, ನನ್ನನ್ನಲ್ಲ ಎಂದು ಆಗ ತಿಳಿಯಿತು. ಮೊದಲ ಸಲ ನನಗೆ ನಾಚಿಕೆಯಾದದ್ದು ಅಂದೇ.

ಅಲ್ಲಿಂದ ಹುಬ್ಬಳ್ಳಿಯ ಹಳೆ ಕಾರುಗಳ ಮಳಿಗೆಗೆ ಬಂದೆ. ಅಲ್ಲಿನವರು ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸುವಂತೆ ನನ್ನ ಮೈಯೆಲ್ಲ ತಡವಿ, ಹೊಟ್ಟೆಯೊಳಗೆ ಬೆಳಕು ಬಿಟ್ಟು ನೋಡಿ, ಎಲ್ಲ ಸರಿಯಿದೆ ಎಂದು ಗಾಜಿಗೆ 'ಸರ್ಟಿಫೈಡ್' ಚೀಟಿ ಅಂಟಿಸಿದರು. ಸುಳ್ಳೇನಲ್ಲ, ಆಗ ಎಲ್ಲವೂ ಸರಿಯಾಗಿಯೇ ಇತ್ತು. ಆದರೂ 'ಇವಳು ಒಳ್ಳೆಯವಳು' ಎಂದು ಹಣೆಗೆ ಬರೆದುಕೊಂಡು ನಿಲ್ಲುವುದು ಯಾರಿಗೆ ತಾನೇ ಹಿತ?

ನನ್ನನ್ನು ನೋಡಲು ಬಂದವರು ಬ್ಯಾಡಗಿಯ ಮೆಣಸಿನಕಾಯಿ ದಲಾಲರು, ಗದಿಗೆಪ್ಪ ಹಾವನೂರ. ಜೊತೆಗೆ ಹೆಂಡತಿ ಕಾಶವ್ವ, ರಾಣೆಬೆನ್ನೂರಿನಲ್ಲಿ ಶಾಲೆಯ ಟೀಚರಾಗಿರುವ ಮಗಳು ಅನಸೂಯಾ. ಗದಿಗೆಪ್ಪನವರು ಮೆಣಸಿನಕಾಯಿ ಚೀಲದ ಮೇಲಿನ ಕಾಯಿ ನೋಡಿ ಬೆಲೆ ಕಟ್ಟುವ ಮನುಷ್ಯರಲ್ಲ. ತೋಳಿನವರೆಗೆ ಕೈ ತೂರಿ ತಳದ ಕಾಯಿ ಎಳೆದು ಮುರಿದು ನೋಡುವವರು. ನನ್ನ ಸುತ್ತ ಎರಡು ಸುತ್ತು ಬಂದರು. ಎಲ್ಲಿ ಕೈ ತೂರಬೇಕೋ ತಿಳಿಯಲಿಲ್ಲ.

"ಚೀಲಾ ಆದ್ರ ಸುರುವಿ ನೋಡಬಹುದು. ಇದನ್ನ ಹೆಂಗ ಸುರುವಿ ನೋಡಬೇಕು?" ಎಂದರು.

ಮಳಿಗೆಯ ಹುಡುಗ ಕಾಯುತ್ತಿದ್ದದ್ದೇ ಆ ಮಾತಿಗೆ. "ಅದಕ್ಕ ವಾರಂಟಿ ಐತ್ರಿ ಸರ. ಗೇರು, ಕರೆಂಟಿನ ಸಾಮಾನು, ಗಾಳಿ ಪಂಪು, ಯಾವುದು ಕೆಟ್ರೂ ನಾವ ನೋಡ್ಕೊಂತೀವಿ. ಒಂದ ಮಾತು, ಸರಕು ಹೇರಂಗಿಲ್ಲ."

"ಇಂಥಾ ಗಾಡ್ಯಾಗ ಯಾವ ಹುಚ್ಚ ಸರಕು ಹೇರ್ತಾನೋ ತಮ್ಮಾ?" ಎಂದು ಗದಿಗೆಪ್ಪ ನಕ್ಕರು.

ವಾರಂಟಿಗೆಂದೇ ಹುಡುಗ ಬೇರೆಯಾಗಿ ಹೇಳಿದ ಬೆಲೆ ಕೇಳಿ ಅನಸೂಯಾ ತಂದೆಯನ್ನು ಸ್ವಲ್ಪ ಪಕ್ಕಕ್ಕೆ ಕರೆದಳು. ಪಕ್ಕ ಎಂದರೆ ನನ್ನ ಹಿಂದಿನ ಬಾಗಿಲ ಹತ್ತಿರವೇ. "ಅಪ್ಪಾ, ಅಷ್ಟ ರೊಕ್ಕದಾಗ ಅವ್ವನ ಕಿವಿ ಮಷೀನ್ ಬರ್ತೈತಿ. ಎರಡೂ ಕಿವೀಗೆ. ಈ ಸುಗ್ಗಿಗೆ ಕೊಡಸ್ತೀನಿ ಅಂದಿದ್ರಿ. ವಾರಂಟಿ ಇಲ್ಲದ ತಗೋರಿ, ಇಲ್ಲಾ ಇದಕ್ಕಿಂತ ಸಣ್ಣ ಗಾಡಿ ನೋಡ್ರಿ."

"ಕಿವಿ ಎಲ್ಲೂ ಓಡಿ ಹೋಗಂಗಿಲ್ಲವಾ. ಮುಂದಿನ ಸುಗ್ಗಿ ಬರೂದಿಲ್ಲೇನು? ಗಾಡಿ ನಡು ಹಾದ್ಯಾಗ ಕೆಟ್ಟು ನಿಂತ್ರ ಪ್ಯಾಟ್ಯಾಗ ಮಾರಿ ಹೆಂಗ ತೋರಸ್ಲಿ?"

ಕಾಶವ್ವ ಇಬ್ಬರ ಬಾಯಿಯನ್ನೂ ನೋಡುತ್ತಿದ್ದರು. "ಏನಂತ?" ಎಂದು ಕೇಳಿದರು. "ಏನಿಲ್ಲ, ನೀ ಕುಂತು ನೋಡು," ಎಂದು ಗದಿಗೆಪ್ಪ ಅವರನ್ನು ನನ್ನ ಕೆನೆಬಣ್ಣದ ಚರ್ಮದ ಸೀಟಿನ ಮೇಲೆ ಕೂರಿಸಿ, ತಾವೂ ಕುಳಿತು ಬಾಗಿಲು ಹಾಕಿದರು. ಹೊರಗೆ ಹೆದ್ದಾರಿಯ ಗದ್ದಲವೆಲ್ಲ ಫಕ್ಕನೆ ನಿಂತಿತು. ಗದಿಗೆಪ್ಪ ಹೆಂಡತಿಯ ಕಿವಿಯ ಹತ್ತಿರ ಬಾಯಿಟ್ಟು ಕೂಗಿದರು: "ನೋಡಿದ್ಯಾ? ಒಂದ ಸಪ್ಪಳ ಇಲ್ಲ! ಇದಕ್ಕ ಇಷ್ಟು ಕಿಮ್ಮತ್ತು!"

ಕಾಶವ್ವ ಅತ್ತಿತ್ತ ನೋಡಿ ಹೇಳಿದರು: "ನನಗ ಎಲ್ಲಿ ಕುಂತ್ರೂ ಹಿಂಗ ಐತಲ್ರೀ."

ಅವರು ಕುಹಕವಾಡಲಿಲ್ಲ, ಇದ್ದದ್ದನ್ನು ಹೇಳಿದರು. ಗದಿಗೆಪ್ಪ ಅದನ್ನು ಕೇಳಿಸಿಕೊಂಡರೋ ಇಲ್ಲವೋ, ಕೆಳಗಿಳಿದು ವಾರಂಟಿಗೆ ಹೂಂ ಅಂದರು. ನಾನು ಮಾತ್ರ ಆ ಸೀಟಿನ ಕೆಳಗೆ ಇಂಗಿಹೋದೆ. ಆ ಹೆಂಗಸಿಗೆ ಬೇಡವಾಗಿದ್ದ, ಅವರು ದಿನವೂ ಹೊತ್ತು ತಿರುಗುತ್ತಿದ್ದ ವಸ್ತುವನ್ನೇ ನಾನು ಲಕ್ಷಗಟ್ಟಲೆ ಬೆಲೆಗೆ ಮಾರುತ್ತಿದ್ದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ಆ ಮಲ್ಲಿಗೆ ಹೂವು ನಾನು.

ಬ್ಯಾಡಗಿಯಲ್ಲಿ ನನಗೆ ರಾಜಮರ್ಯಾದೆ. ದಲಾಲರ ಸಂಘದ ಮುಂದೆ ನಿಂತರೆ ಹಮಾಲರು ಕೂಡ ಚೀಲ ಇಳಿಸಿ ಒಂದು ಗಳಿಗೆ ನೋಡುತ್ತಿದ್ದರು. ಆ ವರ್ಷದ ಮಳೆಗಾಲದಲ್ಲಿ ನನ್ನ ಸ್ಟೀರಿಂಗಿನ ಪಕ್ಕದ ಟಿವಿಯಂಥ ಪರದೆ ಕಪ್ಪಾಗಿಹೋಯಿತು. ಮಳಿಗೆಯವರು ಒಂದು ಕಾಸೂ ಕೇಳದೆ ಹೊಸದನ್ನು ಕೂರಿಸಿದರು. ಗದಿಗೆಪ್ಪ ಮೀಸೆ ತಿರುವಿದರು. ಅಂಗಡಿಗೆ ಬಂದವರಿಗೆಲ್ಲ, "ವಾರಂಟಿ ಬ್ಯಾಡಂತಿದ್ಲು ನನ್ನ ಮಗಳು. ಈಗ ಹೇಳಲಿ!" ಎನ್ನುತ್ತಿದ್ದರು. ಅನಸೂಯಾ ರಜೆಗೆ ಬಂದಾಗ ಅವಳೆದುರೂ ಅದನ್ನೇ ಹೇಳಿದರು. ಅವಳು ನನ್ನ ಹಿಂದಿನ ಸೀಟಿನಲ್ಲಿದ್ದ ತಾಯಿಯ ಪಕ್ಕ ಬಂದು ಕುಳಿತಳು. ಅವಳು ಶಾಲೆಯ ಸುದ್ದಿ ಹೇಳಿದರೆ ಕಾಶವ್ವ ನಗಬೇಕಾದಲ್ಲಿ ಸುಮ್ಮನಿದ್ದು, ಸುಮ್ಮನಿರಬೇಕಾದಲ್ಲಿ ನಗುತ್ತಿದ್ದರು. ಅವರಿಬ್ಬರ ಎದುರು ನನ್ನ ಹೊಸ ಪರದೆ ಫಳಫಳ ಹೊಳೆಯುತ್ತಿತ್ತು. ಅದನ್ನು ಆರಿಸಿಬಿಡಲು ನನಗೆ ಬರುವಂತಿದ್ದರೆ ಆರಿಸುತ್ತಿದ್ದೆ.

ಮುಂದೆ ಸುಗ್ಗಿ ಬಂತು, ಕಿವಿ ಮಷೀನ್ ಬರಲಿಲ್ಲ. ಆ ದಿನಗಳಲ್ಲಿ ಬ್ಯಾಡಗಿ ಪೇಟೆ ಪೂರ್ತಿ ಕೆಂಪು. ನೆಲ ಕೆಂಪು, ಹಮಾಲರ ರೆಪ್ಪೆ ಕೂಡ ಕೆಂಪು. ಒಂದು ಮಧ್ಯಾಹ್ನ ದೂರದ ದೊಡ್ಡ ವ್ಯಾಪಾರಿಯೊಬ್ಬ ರೈಲು ಹತ್ತುವ ಅವಸರದಲ್ಲಿ, ಡಬ್ಬಿ ಎಂಬ ದುಂಡು ಜಾತಿಯ ಕಾಯಿಯ ಮಾದರಿ ಈಗಲೇ ಬೇಕು ಎಂದು ಸ್ಟೇಷನ್ನಿನಿಂದ ಫೋನು ಮಾಡಿದ. ಸರಕಿನ ಗಾಡಿಗಳೆಲ್ಲ ಪೇಟೆಯ ಸಾಲಿನಲ್ಲಿ ಸಿಕ್ಕಿಕೊಂಡಿದ್ದವು. ಗದಿಗೆಪ್ಪ ಹಿಂದೆಮುಂದೆ ನೋಡಲಿಲ್ಲ. ಎರಡು ಚೀಲ ಎತ್ತಿಸಿ ನನ್ನ ಡಿಕ್ಕಿಯಲ್ಲಿ ಹಾಕಿಸಿದರು. ಯಾವ ಹುಚ್ಚ ಎಂದು ಕೇಳಿದ್ದರಲ್ಲ, ಅವರೇ. ಒಂದು ಸಲ ಹಾಕಿದ ಮೇಲೆ ರೂಢಿಯಾಯಿತು. ಚೀಲದ ಹೊಲಿಗೆ ಬಿಚ್ಚಿ ಕಾಯಿ ಉದುರಿತು, ತುಳಿದು ಪುಡಿಯಾಯಿತು, ಕೆನೆಬಣ್ಣದ ಸೀಟಿಗೆ ಕುಂಕುಮದ ಬಣ್ಣ ಬಂತು.

ಗುಡಿಸಿದ್ದರೆ ಹೋಗುತ್ತಿತ್ತು. ಆದರೆ ಹಾವನೂರ ಮನೆತನದಲ್ಲಿ ಒಂದು ಪದ್ಧತಿ. ಸುಗ್ಗಿಯಲ್ಲಿ ಬಿದ್ದ ಕಾಯಿಗೆ ಯುಗಾದಿಯವರೆಗೆ ಕಸಬರಿಗೆ ತಾಕಿಸುವುದಿಲ್ಲ. ಅದು ಲಕ್ಷ್ಮಿ. ಅನಸೂಯಾ ಒಮ್ಮೆ ಕಸಬರಿಗೆ ಹಿಡಿದು ಬಂದಾಗ ಗದಿಗೆಪ್ಪ, "ಲಕ್ಷ್ಮೀನ ಹೊರಗ ಹಾಕ್ತಿಯೇನ?" ಎಂದು ಗದರಿಸಿ ಕಳಿಸಿದರು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರೆ. ಇರಬಹುದು. ಧೂಳಿಗೆ ಆ ಭೇದ ಗೊತ್ತಿಲ್ಲ. ಎಸಿ ಹಾಕಿದರೆ ಬೇರೆ ಊರಿನವರು ಕೆಮ್ಮಿ ಕಣ್ಣೀರು ಸುರಿಸುತ್ತಿದ್ದರು. ಗದಿಗೆಪ್ಪನವರಿಗೆ ಮಾತ್ರ ಏನೂ ಅನಿಸುತ್ತಿರಲಿಲ್ಲ, ಹುಟ್ಟಿದಾಗಿನಿಂದ ಅದೇ ಗಾಳಿ ಕುಡಿದವರು. ಆ ಧೂಳು ನಿಧಾನವಾಗಿ ತಳಕ್ಕಿಳಿದು ನನ್ನ ಪಂಪನ್ನು ಸೇರುತ್ತಿತ್ತು.

ಯುಗಾದಿಗೆ ಕೆಲವೇ ದಿನ ಇರುವಾಗ ಗಂಡ ಹೆಂಡತಿ ಮಗಳ ಮನೆಗೆ ಹೊರಟರು. ಅರ್ಧ ದಾರಿಯಲ್ಲಿ ನನ್ನ ಪಂಪು ಒಮ್ಮೆ ಕೆಮ್ಮಿ ನಿಂತಿತು. ರಸ್ತೆಯ ಅಂಚಿಗೆ ಸರಿಯುವಷ್ಟರಲ್ಲಿ ನಾಲ್ಕೂ ಚೀಲಗಳ ಗಾಳಿ ಇಳಿದು, ನಾನು ಹೊರೆ ಹೊತ್ತ ಕತ್ತೆಯಂತೆ ನೆಲಕ್ಕೆ ಕುಕ್ಕರಿಸಿದೆ. ದಾರಿಯಲ್ಲಿ ಹೋಗುತ್ತಿದ್ದ ಟ್ರ್ಯಾಕ್ಟರಿನವರು ನಿಂತು ನಕ್ಕು ಹೋದರು. ಅವತ್ತಿನ ನಾಚಿಕೆ ಅಷ್ಟಕ್ಕೇ ಮುಗಿದಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ.

ಗದಿಗೆಪ್ಪ ವಾರಂಟಿಯವರಿಗೆ ಫೋನು ಹಚ್ಚಿದರು. ಹೊರಗಿನ ಗದ್ದಲದಲ್ಲಿ ಮಾತು ಕೇಳುವುದಿಲ್ಲ ಎಂದು ನನ್ನೊಳಗೆ ಕುಳಿತು, ಗಾಜು ಏರಿಸಿ, ಬಾಗಿಲು ಹಾಕಿಕೊಂಡರು. ಬಿಸಿಲಿಗೆ ಬೆವರುತ್ತ, ಕೂಗುತ್ತ ಗಂಟಲು ಒಣಗಿತು. ಕೆಳಗಿಳಿದು ನಿಂತಿದ್ದ ಕಾಶವ್ವ ಗಾಜಿನೊಳಗಿಂದ ಗಂಡನ ಮುಖ ನೋಡಿದರು. ರಸ್ತೆಯ ಆಚೆ ಒಂದು ಕಬ್ಬಿನಹಾಲಿನ ಅಂಗಡಿಯಿತ್ತು. ಅವರಿಗೆ ಕುಡಿಯಲು ಏನಾದರೂ ತರೋಣ ಎಂದು ಸೆರಗು ಸರಿಮಾಡಿಕೊಂಡು ರಸ್ತೆಗಿಳಿದರು.

ಹಿಂದಿನಿಂದ ಮೆಣಸಿನಕಾಯಿ ಹೇರಿದ ಲಾರಿ ಬರುತ್ತಿತ್ತು. ಅದರ ಹಾರ್ನು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಕಾಶವ್ವನಿಗೆ ಕೇಳಲಿಲ್ಲ. ಗದಿಗೆಪ್ಪನವರಿಗೂ ಕೇಳಲಿಲ್ಲ, ನನ್ನೊಳಗೆ ಕುಳಿತಿದ್ದರಲ್ಲ! ತಲೆಯೆತ್ತಿದಾಗ ಅವರಿಗೆ ಕಂಡದ್ದು ಲಾರಿ, ಮತ್ತು ಅದರ ದಾರಿಯಲ್ಲಿ ನಿಧಾನವಾಗಿ ನಡೆಯುತ್ತಿದ್ದ ಹೆಂಡತಿ.

"ಏ ಕಾಶೀ!" ಎಂದು ಅವರು ಕೂಗಿದ ಕೂಗಿಗೆ ನನ್ನ ಮೈ ನಡುಗಿತು. ಆದರೆ ಅದು ಹೊರಗೆ ಹೋಗಲಿಲ್ಲ. ನನ್ನ ಎರಡು ಪದರಿನ ಗಾಜು, ನನ್ನ ದಪ್ಪ ರಬ್ಬರು, ಆ ಕೂಗನ್ನು ಪೂರ್ತಿಯಾಗಿ ನುಂಗಿತು. ಸುತ್ತಿಗೆ ಬಡಿಸಿ ನೋಡಿದ ಎಂಜಿನಿಯರಿಗೆ ಇದು ಹೊಳೆದಿರಲಿಕ್ಕಿಲ್ಲ. ನಾನು ಒಳ್ಳೆಯ ಗಾಡಿ ಎಂಬುದಕ್ಕೇ ಅವತ್ತು ನನಗೆ ನಾಚಿಕೆಯಾಯಿತು.

ಚಾಲಕ ಲಾರಿಯನ್ನು ಪಕ್ಕಕ್ಕೆ ಎಳೆದು ಗಟಾರಕ್ಕೆ ಇಳಿಸಿದ. ಅದರ ಮೂಲೆ ಸೆರಗಿಗೆ ತಾಕಿ ಕಾಶವ್ವ ಉರುಳಿಬಿದ್ದರು. ಮುಂಗೈ ಮುರಿಯಿತು, ಜೀವ ಉಳಿಯಿತು. ಚಾಲಕ ಜಿಗಿದು ಬಂದು, ಹೆದರಿಕೆಗೆ ಬೈದ: "ಏನಬೇ ಯವ್ವಾ, ಆವಾಗಿಂದ ಹೊಡಿಯಾಕತ್ತೇನಿ, ಕಿವಿ ಕೇಳಂಗಿಲ್ಲೇನ ನಿನಗ?"

ಕಾಶವ್ವ ಧೂಳಿನಲ್ಲಿ ಕುಳಿತು ಅವನ ಬಾಯಿ ನೋಡಿ, ಮುರಿದ ಕೈ ಹಿಡಿದುಕೊಂಡು, "ಇಲ್ಲೋ ಯಪ್ಪಾ, ಕೇಳಂಗಿಲ್ಲ," ಎಂದರು.

ಚಾಲಕ ತಲೆಯ ಟವೆಲು ತೆಗೆದ. ಓಡಿಬಂದ ಗದಿಗೆಪ್ಪನವರ ಕೈಯಲ್ಲಿ ಫೋನು ಇನ್ನೂ ಮಾತಾಡುತ್ತಿತ್ತು: "ಸರ್, ನಿಮ್ಮ ಗಾಡಿ ಎಷ್ಟು ಕಿಲೋಮೀಟರ್ ಓಡಿದೆ?" ಅವರು ಅದನ್ನು ಜೇಬಿಗೆ ಹಾಕಿ ಹೆಂಡತಿಯ ಪಕ್ಕ ಕುಸಿದರು. ಮುಖ ಎತ್ತಲಿಲ್ಲ.

ಒಂದು ಲಾರಿ ನನ್ನನ್ನು ಹೊತ್ತು ಹುಬ್ಬಳ್ಳಿಯ ಮಳಿಗೆಗೆ ತಂದಿತು. ಅಲ್ಲಿ ನನ್ನ ಪಂಪು ಬಿಚ್ಚಿದವನು ಮೊದಲು ಸೀನಿದ. ಆಮೇಲೆ ಅಂಗೈ ತುಂಬ ಕೆಂಪು ಪುಡಿ ತೋರಿಸಿದ. ಸರಕು ಹೇರಿದ ಗಾಡಿಗೆ ವಾರಂಟಿ ಅನ್ವಯಿಸುವುದಿಲ್ಲ ಎಂದು ಮಳಿಗೆಯ ಹುಡುಗ ತಲೆ ತುರಿಸುತ್ತ ಹೇಳಿದ. ಗದಿಗೆಪ್ಪ ಜಗಳವಾಡುತ್ತಾರೆಂದು ಎಲ್ಲರೂ ಕಾದರು. ಅವರು ಪುಡಿಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, "ನಮ್ಮ ಡಬ್ಬಿ ಕಾಯಿನ," ಎಂದಷ್ಟೇ ಅಂದರು.

"ಸರ, ಕೈಯಿಂದ ರೊಕ್ಕ ಹಾಕಿ ರಿಪೇರಿ ಮಾಡಸ್ರಿ. ವಾರಂಟಿನೂ ಹೊಸದು ತಗೋಬಹುದು. ಎಷ್ಟಂದ್ರೂ ಇಂಥಾ ಗಾಡಿ..." ಎಂದು ಹುಡುಗ ಶುರುಮಾಡಿದ.

"ಬ್ಯಾಡೋ ತಮ್ಮಾ," ಎಂದರು ಗದಿಗೆಪ್ಪ. "ಗಾಡಿ ಎಲ್ಲೂ ಓಡಿ ಹೋಗಂಗಿಲ್ಲ."

ಅದೇ ವಾರ ಅನಸೂಯಾ ತಾಯಿಯನ್ನು ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಬಸ್ಸಿನಲ್ಲಿ ಗದಿಗೆಪ್ಪನವರೂ ಹೋದರು. ನಾನು ಇನ್ನೊಂದು ಲಾರಿಯ ಬೆನ್ನೇರಿ ಬ್ಯಾಡಗಿಗೆ ಮರಳಿದೆ. ಪೇಟೆಯ ನಡುವೆ ಹಾಯುವಾಗ ಹಮಾಲರು ಚೀಲ ಇಳಿಸಿ ನೋಡಿದರು. ನೆಟ್ಟಗೆ ನೋಡಲು ನನ್ನ ಕೈಲಾಗಲಿಲ್ಲ.

ಈಗ ನಾನು ಮೆಣಸಿನಕಾಯಿ ಗೋದಾಮಿನ ಮೂಲೆಯಲ್ಲಿದ್ದೇನೆ. ನೆಲ ಹಿಡಿದೇ ಇದ್ದೇನೆ. ಮುಂದಿನ ಗಾಜಿನ ಚೀಟಿ ಇನ್ನೂ ಹೋಗಿಲ್ಲ. ಗೋದಾಮಿಗೆ ಬಂದವರು ಅದನ್ನು ಓದಿ ನನ್ನ ಕುಳಿತ ಭಂಗಿ ನೋಡಿದಾಗ ಎಲ್ಲಿಗಾದರೂ ಓಡಿಹೋಗೋಣ ಅನಿಸುತ್ತದೆ. ಓಡುವುದೊಂದೇ ಬರುವುದಿಲ್ಲ. ವಾರಂಟಿ ಬೇಕೇ ಬೇಡವೇ ಎಂದು ನನ್ನನ್ನು ಯಾರೂ ಕೇಳಲಾರರು. ಕೇಳಿದರೆ, ಅದು ಕೆಟ್ಟದ್ದಲ್ಲ, ತಗೊಳ್ಳಿ ಎಂದು ಹೇಳಿಯೇನು. ಮೊದಲು ಮನೆಯಲ್ಲಿ ಯಾರಿಗೆ ಏನು ಬಾಕಿಯಿದೆ ನೋಡಿಕೊಳ್ಳಿ ಎಂದೂ ಸೇರಿಸಿಯೇನು.

ಮಷೀನ್ ಹಾಕಿದ ಹೊಸದರಲ್ಲಿ ಕಾಶವ್ವನಿಗೆ ಪೇಟೆಯ ಗದ್ದಲ ತಡೆಯಲಾಗುತ್ತಿರಲಿಲ್ಲ. ಕಾಗೆ ಕೂಗಿದರೂ ಬೆಚ್ಚುತ್ತಿದ್ದರು. ಸಾಕಾದಾಗ ಬಂದು ನನ್ನ ಹಿಂದಿನ ಸೀಟಿನಲ್ಲಿ ಕುಳಿತು ಬಾಗಿಲು ಹಾಕಿಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ತೆರೆದು ಕೇಳುತ್ತಿದ್ದರು, ಮತ್ತೆ ಹಾಕುತ್ತಿದ್ದರು. ಒಮ್ಮೆ ತೆರೆದು ಹಾಕಿ, ತೆರೆದು ಹಾಕಿ, ಒಬ್ಬರೇ ನಕ್ಕರು.

ಗದಿಗೆಪ್ಪ ಒಂದು ಸಂಜೆ ಬಂದು ಅವರ ಪಕ್ಕ ಕುಳಿತರು. ರೂಢಿಯಂತೆ ಕಿವಿಯ ಹತ್ತಿರ ಬಾಯಿಟ್ಟು, "ಚಾ ಕುಡೀತಿಯೇನ?" ಎಂದು ಕೂಗಿದರು.

"ಯಾಕ ಒದರ್ತೀರಿ? ಕೇಳ್ತೈತಿ," ಎಂದರು ಕಾಶವ್ವ.

ಗದಿಗೆಪ್ಪ ಸ್ವಲ್ಪ ಹಿಂದೆ ಸರಿದರು. ಎಷ್ಟೋ ವರ್ಷಗಳಿಂದ ಕೂಗಿಯೇ ಮಾತಾಡಿದವರಿಗೆ ಮೆತ್ತಗೆ ಏನು ಹೇಳಬೇಕೋ ತಿಳಿಯಲಿಲ್ಲ. ಆಮೇಲೆ, ನನಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ ಏನೋ ಹೇಳಿದರು. ಕಾಶವ್ವನಿಗೆ ಕೇಳಿಸಿತು. ಅವರು ಗಂಡನ ಕೈಯ ಮೇಲೆ ತಮ್ಮ ಮುರಿದು ಕೂಡಿದ ಕೈ ಇಟ್ಟರು.

ಖಾರದ ಗಾಳಿಗೆ ನನ್ನ ಬಾಗಿಲಿನ ರಬ್ಬರು ಈಗ ಒಣಗಿ ಬಿರಿಯುತ್ತಿದೆ. ಸಂದಿಯಿಂದ ಹಮಾಲರ ಕೂಗು, ಲಾರಿಯ ಹಾರ್ನು, ಎಲ್ಲ ಒಳಗೆ ಬರುತ್ತವೆ. ಒಳಗೆ ಕೂಗಿದರೆ ಹೊರಗೂ ಕೇಳುತ್ತದೆ. ನನ್ನನ್ನು ಮಾಡಿದವರು ನೋಡಿದರೆ ತಲೆ ತಗ್ಗಿಸಿಯಾರು. ನನಗೆ ಇದೊಂದಕ್ಕೆ ಮಾತ್ರ ನಾಚಿಕೆಯಿಲ್ಲ.